ಸ್ಕ್ಯಾನ್ ಫೋಟೋ ನೋಡಿ ಗಂಡೋ ಹೆಣ್ಣೋ ಹೇಳಬಹುದಾ?

ಬೆಳಗ್ಗೆ ಕಾಲೇಜಿಗೆ ಹೊರಡುವ ಗಡಿಬಿಡಿಯಲ್ಲಿದ್ದೆ. ಡಲ್ಲಾಸ್‌ನಲ್ಲಿರುವ ಚಿಕ್ಕಮ್ಮನ ಮಗಳು ವಾಟ್ಸ್‌ಆ್ಯಪ್‌ನಲ್ಲಿ ಒಂದು ಫೋಟೋ ಕಳಿಸಿದಳು. ಕಪ್ಪು ಹಿನ್ನೆಲೆ, ನಡುವೆ ಬೂದು ಬಣ್ಣದ ಒಂದು ಪುಟ್ಟ ಆಕಾರ. ದೊಡ್ಡ ತಲೆ, ಬಾಗಿದ ಬೆನ್ನು. ತಲೆಯ ತುದಿಯಲ್ಲೊಂದು, ಅಂಡಿನ ಹತ್ತಿರ ಇನ್ನೊಂದು ಕೂಡಿಸುವ ಚಿಹ್ನೆ, ನಡುವೆ ಚುಕ್ಕಿ ಗೆರೆ. ಮೂಲೆಯಲ್ಲಿ 11 ವಾರ 2 ದಿನ ಎಂದು ಬರೆದಿತ್ತು.

"ಅಕ್ಕಾ, ನೀನು ಬಯಾಲಜಿ ಪಾಠ ಮಾಡ್ತೀಯಲ್ಲ, ನೋಡಿ ಹೇಳು. ಇಲ್ಲಿ ನನ್ನ ಫ್ರೆಂಡ್ಸ್ ಎಲ್ಲಾ ಹುಡುಗಿ ಅಂತಿದ್ದಾರೆ. ಕಾಲಿನ ಹತ್ತಿರ ಏನೋ ನೋಡಿ ಹೇಳ್ತಾರಂತೆ."

ಅವಳು ಸಂಭ್ರಮದಲ್ಲಿದ್ದಳು. ಅವಳಿರುವ ಊರಲ್ಲಿ ಇದೊಂದು ಆಟ. ಹುಡುಗ ಆದರೂ ಸರಿ, ಹುಡುಗಿ ಆದರೂ ಸರಿ, ಸುಮ್ನೆ ಒಂದು ಕುತೂಹಲ. ಆದರೆ ಅದೇ ಫೋಟೋ ಮಧ್ಯಾಹ್ನದ ಹೊತ್ತಿಗೆ ನಮ್ಮ ಮನೆಯವರ ಗ್ರೂಪಿಗೂ ಬಂತು. ಹಾಸನದಲ್ಲಿರುವ ಸೋದರತ್ತೆ ನನಗೆ ಫೋನ್ ಮಾಡಿದರು. "ಏನಂತೆ ಕಣೇ? ನಿಂಗೆ ಗೊತ್ತಾಗುತ್ತಂತಲ್ಲ?" ಎಂದು ಕೇಳಿದರು. ದನಿ ತಗ್ಗಿಸಿ ಕೇಳಿದರು. ಆ ತಗ್ಗಿದ ದನಿ ಕೇಳಿದ ಮೇಲೆ ಇದನ್ನು ಬಿಡಿಸಿ ಬರೆಯಬೇಕು ಅನ್ನಿಸಿತು.

ಮೊದಲ ಮೂರು ತಿಂಗಳ ಸ್ಕ್ಯಾನ್ ಫೋಟೋ ನೋಡಿ ಮಗು ಯಾವುದು ಎಂದು ಊಹಿಸುವ ಅಭ್ಯಾಸ ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾದ ಬಸುರಿಯರಲ್ಲಿ ಜೋರಾಗಿದೆ. ಅದಕ್ಕೆ ಹಲವು "ಥಿಯರಿ"ಗಳೂ ಇವೆ. ಒಂದಕ್ಕೆ ವೈದ್ಯಶಾಸ್ತ್ರದ ಆಧಾರವಿದೆ, ಅದೂ ಒಂದು ಮಿತಿಯಲ್ಲಿ. ಉಳಿದವಕ್ಕೆ ಇಲ್ಲ. ಮೊದಲು ಮಗುವಿನ ಮೈ ಹೇಗೆ ಬೆಳೆಯುತ್ತದೆ ನೋಡೋಣ. ಅದು ಗೊತ್ತಾದರೆ ಊಹೆ ಎಲ್ಲಿ ತಪ್ಪುತ್ತದೆ ಅನ್ನೋದು ತಾನಾಗಿಯೇ ಗೊತ್ತಾಗುತ್ತದೆ.

ವಾರಗಳ ಲೆಕ್ಕದಲ್ಲೇ ಒಂದು ಗೊಂದಲ ಇದೆ. ಡಾಕ್ಟರು ಗರ್ಭದ ವಾರಗಳನ್ನು ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಗರ್ಭ ನಿಲ್ಲುವುದು ಅದಾಗಿ ಸುಮಾರು ಎರಡು ವಾರಕ್ಕೆ. ಅಂದರೆ ಫೋಟೋದಲ್ಲಿ 11 ವಾರ ಎಂದಿದ್ದರೆ ಮಗುವಿನ ನಿಜವಾದ ವಯಸ್ಸು 9 ವಾರ. ಈ ಎರಡು ವಾರ ಚಿಕ್ಕ ವ್ಯತ್ಯಾಸ ಅಲ್ಲ. ಈ ಹಂತದಲ್ಲಿ ಎರಡು ವಾರದಲ್ಲಿ ಮಗುವಿನ ಮೈ ಗುರುತು ಸಿಗದಷ್ಟು ಬದಲಾಗುತ್ತದೆ.

ಗಂಡೋ ಹೆಣ್ಣೋ ಅನ್ನುವುದು ಗರ್ಭ ನಿಂತ ಕ್ಷಣದಲ್ಲೇ ತೀರ್ಮಾನ ಆಗಿರುತ್ತದೆ. ತಾಯಿಯಿಂದ ಬರುವುದು ಯಾವಾಗಲೂ ಎಕ್ಸ್ ಕ್ರೋಮೋಸೋಮ್. ತಂದೆಯಿಂದ ಎಕ್ಸ್ ಬಂದರೆ ಹೆಣ್ಣು, ವೈ ಬಂದರೆ ಗಂಡು. (ಹೆಣ್ಣು ಹೆತ್ತಳು ಎಂದು ಸೊಸೆಯನ್ನು ದೂರುವವರಿಗೆ ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.) ಆದರೆ ತೀರ್ಮಾನ ಆಗಿದ್ದು ಮೈಮೇಲೆ ಕಾಣಿಸಿಕೊಳ್ಳಲು ತುಂಬಾ ದಿನ ಬೇಕು. ಮೊದಲ ವಾರಗಳಲ್ಲಿ ಗಂಡು ಭ್ರೂಣ, ಹೆಣ್ಣು ಭ್ರೂಣ ಎರಡೂ ಒಂದೇ ಥರ ಬೆಳೆಯುತ್ತವೆ. ವೃಷಣ ಆಗಬೇಕೋ ಅಂಡಾಶಯ ಆಗಬೇಕೋ ಎಂದು ಇನ್ನೂ ನಿರ್ಧಾರ ಆಗದ ಒಂದು ಜೊತೆ ಗ್ರಂಥಿಗಳು ಎರಡರಲ್ಲೂ ಇರುತ್ತವೆ. ಆರನೇ ವಾರದ ಹೊತ್ತಿಗೆ, ಇದು ಮಗುವಿನ ನಿಜವಾದ ವಯಸ್ಸಿನ ಲೆಕ್ಕ, ವೈ ಕ್ರೋಮೋಸೋಮಿನ ಮೇಲಿರುವ ಎಸ್‌ಆರ್‌ವೈ ಎಂಬ ಒಂದು ಜೀನ್ ಕೆಲಸ ಶುರು ಮಾಡುತ್ತದೆ. 1990ರಲ್ಲಿ ಪೀಟರ್ ಗುಡ್‌ಫೆಲೋ ಮತ್ತು ರಾಬಿನ್ ಲೊವೆಲ್-ಬ್ಯಾಜ್ ಅವರ ತಂಡಗಳು ಲಂಡನ್ನಿನಲ್ಲಿ ಇದನ್ನು ಗುರುತಿಸಿದವು. ಆ ಜೀನ್ ಇದ್ದರೆ ಗ್ರಂಥಿಗಳು ವೃಷಣಗಳಾಗುತ್ತವೆ. ಇನ್ನೂ ಒಂದೆರಡು ವಾರಕ್ಕೆ ಅವು ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನ್ ಸುರಿಸಲು ಶುರು ಮಾಡುತ್ತವೆ. ಹೊರಗಿನ ಅಂಗಗಳು ಗಂಡಿನ ರೂಪಕ್ಕೆ ತಿರುಗುವುದು ಅದಾದ ಮೇಲೆ.

ಹೊರಗಿನ ಅಂಗಗಳ ವಿಷಯ ಇನ್ನೂ ಸ್ವಾರಸ್ಯವಾದದ್ದು. ತರಗತಿಯಲ್ಲಿ ಇದನ್ನು ಹೇಳುವಾಗ ಮಕ್ಕಳು ಮೊದಲು ಮುಸಿಮುಸಿ ನಗುತ್ತಾರೆ, ಆಮೇಲೆ ಬೆರಗಾಗಿ ಕೇಳುತ್ತಾರೆ. ಗಂಡು, ಹೆಣ್ಣು ಎರಡೂ ಭ್ರೂಣಗಳಲ್ಲಿ ಕಾಲುಗಳ ನಡುವೆ ಒಂದೇ ಥರದ ಒಂದು ಪುಟ್ಟ ಮೊಳಕೆ ಇರುತ್ತದೆ. ಅದರ ಅಕ್ಕಪಕ್ಕ ಒಂದೇ ಥರದ ಮಡಿಕೆಗಳು. ಗಂಡಾದರೆ ಆ ಮೊಳಕೆಯೇ ಶಿಶ್ನ ಆಗುತ್ತದೆ, ಹೆಣ್ಣಾದರೆ ಕ್ಲಿಟೋರಿಸ್. ಪಕ್ಕದ ಮಡಿಕೆಗಳು ಗಂಡಿನಲ್ಲಿ ಸೇರಿ ವೃಷಣದ ಚೀಲ ಆಗುತ್ತವೆ, ಹೆಣ್ಣಿನಲ್ಲಿ ಸೇರದೆ ಯೋನಿಯ ತುಟಿಗಳಾಗುತ್ತವೆ. ಎರಡು ಬೇರೆ ಅಂಗ ಅಲ್ಲ, ಒಂದೇ ಅಂಗದ ಎರಡು ದಾರಿ.

ಮೂರು ತಿಂಗಳ ಹೊತ್ತಿಗೂ ಆ ಮೊಳಕೆಯ ಉದ್ದದಲ್ಲಿ ಗಂಡಿಗೂ ಹೆಣ್ಣಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರುವುದಿಲ್ಲ. ತುಂಬಾ ಜನ ಇಲ್ಲೇ ಎಡವುವುದು. "ಏನೋ ಚಾಚಿಕೊಂಡಿದೆ, ಹಾಗಾದ್ರೆ ಗಂಡು" ಅಂತಾರೆ. ಹೆಣ್ಣು ಮಗುವಿನಲ್ಲೂ ಅಷ್ಟೇ ಚಾಚಿಕೊಂಡಿರುತ್ತದೆ. ಆಗ ಇರುವ ವ್ಯತ್ಯಾಸ ಉದ್ದದ್ದಲ್ಲ, ವಾಲಿಕೆಯದು. ಟೆಸ್ಟೋಸ್ಟೆರಾನ್ ಪ್ರಭಾವದಲ್ಲಿ ಗಂಡಿನ ಮೊಳಕೆ ಬೆನ್ನುಮೂಳೆಯ ನೇರಕ್ಕೆ ಹೋಲಿಸಿದರೆ ನಿಧಾನಕ್ಕೆ ಬೇರೆ ದಿಕ್ಕಿಗೆ ತಿರುಗುತ್ತದೆ. ಹೊರದೇಶದವರು ಇದನ್ನೇ "ನಬ್ ಥಿಯರಿ" ಎಂದು ಕರೆಯುವುದು; ನಬ್ ಅಂದರೆ ಈ ಮೊಳಕೆ. ಎಷ್ಟು ಡಿಗ್ರಿ, ಯಾವ ಕಡೆಗೆ, ಯಾವ ಗೆರೆಯಿಂದ ಅಳೆಯಬೇಕು ಅನ್ನುವುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಬೇಕೆಂದೇ ಬಿಡುತ್ತಿದ್ದೇನೆ. ಈ ಲೇಖನ ಯಾರ ಕೈಗೆ ಹೋಗುತ್ತದೋ ನನಗೆ ಗೊತ್ತಿಲ್ಲ.

ಈ ವಾಲಿಕೆ ಒಂದು ದಿನದಲ್ಲಿ ಆಗುವಂಥದ್ದಲ್ಲ. ಹನ್ನೊಂದನೇ ವಾರದಲ್ಲಿ ಗಂಡು ಮಗುವಿನ ಮೊಳಕೆ ಹೆಣ್ಣು ಮಗುವಿನದ್ದರಂತೆಯೇ ಕಾಣಬಹುದು. ಇದನ್ನು ಅಳೆದು ನೋಡಿದವರಿದ್ದಾರೆ. ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ಕಿಪ್ರೋಸ್ ನಿಕೊಲೈಡಿಸ್ ಅವರ ತಂಡ 172 ಗರ್ಭಿಣಿಯರನ್ನು ಪರೀಕ್ಷಿಸಿ 1999ರಲ್ಲಿ ಫಲಿತಾಂಶ ಪ್ರಕಟಿಸಿತು. ಅವರು ನುರಿತವರು. ಮೊದಲ ಮೂರು ತಿಂಗಳ ಸ್ಕ್ಯಾನ್ ಹೇಗೆ ಮಾಡಬೇಕೆಂದು ಜಗತ್ತಿಗೆ ಕಲಿಸಿದ ಜಾಗ ಅದು. ಅಂಥವರಿಗೂ 11ನೇ ವಾರದಲ್ಲಿ ಸರಿಯಾಗಿ ಹೇಳಲು ಆಗಿದ್ದು 70.3%. 12 ಮತ್ತು 13ನೇ ವಾರಕ್ಕೆ ಹೋದಾಗ ತಪ್ಪು ಬಹುತೇಕ ಇಲ್ಲವಾಯಿತು.

70% ಅಂದರೆ ಪರವಾಗಿಲ್ಲ ಅನ್ನಿಸಬಹುದು, ಅಲ್ವಾ? ತಪ್ಪಿದ್ದು ಯಾವ ಕಡೆಗೆ ಎಂದು ನೋಡಬೇಕು. 11ನೇ ವಾರದಲ್ಲಿ ಗಂಡು ಮಕ್ಕಳ ಪೈಕಿ 56% ಮಕ್ಕಳನ್ನು ಅವರು ಹೆಣ್ಣು ಎಂದು ಗುರುತಿಸಿದ್ದರು. ಹೆಣ್ಣು ಮಕ್ಕಳ ಪೈಕಿ ಗಂಡು ಎಂದು ತಪ್ಪಾಗಿ ಗುರುತಿಸಿದ್ದು ಬರೀ 5%. ತಪ್ಪು ಎರಡೂ ಕಡೆಗೆ ಸಮನಾಗಿ ಹಂಚಿಕೊಂಡಿಲ್ಲ. ಹೆಚ್ಚುಕಡಿಮೆ ಪೂರ್ತಿ ಒಂದೇ ಕಡೆಗೆ ಬಿದ್ದಿದೆ.

ಒಂದು ಹಾಳೆ ತಗೊಂಡು ಲೆಕ್ಕ ಹಾಕಿ ನೋಡಿ. 100 ಗಂಡು, 100 ಹೆಣ್ಣು ಮಕ್ಕಳಿದ್ದಾರೆ ಅಂದುಕೊಳ್ಳಿ. ಎಲ್ಲರದ್ದೂ 11ನೇ ವಾರ. ಈ ಲೆಕ್ಕದಂತೆ 95 ಹೆಣ್ಣು ಮಕ್ಕಳಿಗೆ "ಹೆಣ್ಣು" ಎಂಬ ಉತ್ತರ ಬರುತ್ತದೆ, ಸರಿ. ಜೊತೆಗೆ 56 ಗಂಡು ಮಕ್ಕಳಿಗೂ "ಹೆಣ್ಣು" ಎಂದೇ ಬರುತ್ತದೆ. ಒಟ್ಟು 151 ತಾಯಂದಿರು ಹೆಣ್ಣು ಎಂದು ಕೇಳಿಸಿಕೊಂಡರು. ಅವರಲ್ಲಿ 56 ಜನರ ಹೊಟ್ಟೆಯಲ್ಲಿರುವುದು ಗಂಡು. ಮೂರರಲ್ಲಿ ಒಬ್ಬರಿಗಿಂತ ಜಾಸ್ತಿ ಜನರಿಗೆ ಹೇಳಿದ್ದು ತಪ್ಪು.

ಕಾರಣ ಸರಳ. ವಾಲಿಕೆ ಇನ್ನೂ ಶುರುವಾಗದ ಮಗು ಹೆಣ್ಣಿನಂತೆ ಕಾಣುತ್ತದೆ. ಆ ಹಂತದಲ್ಲಿ "ಹೆಣ್ಣು" ಅನ್ನುವ ಮಾತಿಗೆ ನಿಜವಾದ ಅರ್ಥ "ಇನ್ನೂ ಏನೂ ಕಾಣುತ್ತಿಲ್ಲ" ಅಂತ. ನನ್ನ ತಂಗಿಯ ಫೋಟೋದಲ್ಲಿ 11 ವಾರ 2 ದಿನ ಅಂತಿತ್ತು. ಅವಳ ಗೆಳತಿಯರೆಲ್ಲ "ಹುಡುಗಿ" ಎಂದಿದ್ದರು. ಅವರು ಕಂಡದ್ದು ಹುಡುಗಿಯನ್ನಲ್ಲ, ಆ ವಾರವನ್ನು.

ಇಷ್ಟೂ ಹೇಳಿದ್ದು ನುರಿತ ಕೈ, ಒಳ್ಳೆಯ ಯಂತ್ರ, ಚಲಿಸುವ ಚಿತ್ರ ಇದ್ದಾಗಿನ ಲೆಕ್ಕ. ನಾವು ನೋಡುವುದು ಫೋನಿನಲ್ಲಿ ಬಂದ ಒಂದು ಫೋಟೋ. ಅದರ ಪಾಡು ಇನ್ನೂ ಕಷ್ಟ.

ಅಲ್ಟ್ರಾಸೌಂಡ್ ಅಂದರೆ ನಮ್ಮ ಕಿವಿಗೆ ಕೇಳದಷ್ಟು ಎತ್ತರದ ಶಬ್ದ. ಹೊಟ್ಟೆಯ ಮೇಲೆ ಜೆಲ್ ಸವರಿ ಓಡಾಡಿಸುವ ಆ ಪ್ರೋಬ್ ಶಬ್ದವನ್ನು ಒಳಗೆ ಕಳಿಸುತ್ತದೆ. ಮೈಯೊಳಗೆ ಅದು ಸೆಕೆಂಡಿಗೆ ಸುಮಾರು 1,540 ಮೀಟರ್ ವೇಗದಲ್ಲಿ ಹೋಗುತ್ತದೆ. ಏನಾದರೂ ತಗುಲಿದರೆ ಒಂದಿಷ್ಟು ವಾಪಸ್ ಬರುತ್ತದೆ. ಬಾವಿಯಲ್ಲಿ ಕೂಗಿದರೆ ಮರುದನಿ ಬರುತ್ತದಲ್ಲ, ಹಾಗೆ. ಎಷ್ಟು ಹೊತ್ತಿಗೆ ಬಂತು, ಎಷ್ಟು ಜೋರಾಗಿ ಬಂತು ಎಂದು ಲೆಕ್ಕ ಹಾಕಿ ಯಂತ್ರ ಚುಕ್ಕಿ ಇಡುತ್ತದೆ. ಮೂಳೆ ಬೆಳ್ಳಗೆ, ನೀರು ಕಪ್ಪಗೆ. ಗ್ಲಾಸ್ಗೋದ ವೈದ್ಯ ಇಯಾನ್ ಡೊನಾಲ್ಡ್ ಲೋಹದಲ್ಲಿ ಬಿರುಕು ಹುಡುಕುವ ಯಂತ್ರ ನೋಡಿ, ಇದನ್ನು ಹೊಟ್ಟೆಯೊಳಗೆ ನೋಡಲು ಬಳಸಬಹುದಲ್ಲ ಅಂದುಕೊಂಡರು. 1958ರಲ್ಲಿ ಅವರ ತಂಡದ ಪ್ರಬಂಧ ಬಂತು. ಇವತ್ತು ತಾಲ್ಲೂಕು ಕೇಂದ್ರಗಳಲ್ಲೂ ಸ್ಕ್ಯಾನಿಂಗ್ ಸೆಂಟರ್ ಇದೆ.

ಈ ಚಿತ್ರ ಕ್ಯಾಮೆರಾದ ಫೋಟೋ ಅಲ್ಲ, ಒಂದು ಸೀಳು. ಮಾವಿನಕಾಯಿಯನ್ನು ಸರಿಯಾಗಿ ನಡುವೆ ಸೀಳಿದರೆ ವಾಟೆ ಕಾಣುತ್ತದೆ. ಪಕ್ಕಕ್ಕೆ ಸೀಳಿದರೆ ಬರೀ ತಿರುಳು. ವಾಟೆ ಇಲ್ಲದ ಮಾವು ಅಂತ ಯಾರೂ ಅನ್ನುವುದಿಲ್ಲ. ಮಗುವಿನದ್ದೂ ಹಾಗೇ. ಸೀಳು ಮಗುವಿನ ನಟ್ಟನಡುವೆ, ಮೂಗಿನ ತುದಿಯಿಂದ ಬಾಲದ ಮೂಳೆವರೆಗೆ ಸರಿಯಾಗಿ ಹಾದುಹೋಗಿದ್ದರೆ ಮಾತ್ರ ಆ ಮೊಳಕೆ ಇದ್ದ ಹಾಗೆ ಕಾಣುತ್ತದೆ. ಒಂದೆರಡು ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಸಿಗುವುದು ತೊಡೆ. ಹೊಕ್ಕುಳಬಳ್ಳಿ ಕಾಲ ಸಂದಿಯಲ್ಲಿ ತೂರಿಕೊಂಡಿದ್ದರೆ ಅದೇ ಮೊಳಕೆಯಂತೆ ಕಾಣುತ್ತದೆ. ಮಗು ಬೆನ್ನು ಬಾಗಿಸಿ ಮಲಗಿದ್ದರೆ ಕೋನ ಒಂದು ಥರ, ಮೈ ಚಾಚಿದ್ದರೆ ಇನ್ನೊಂದು ಥರ. ಮೊಳಕೆ ತಿರುಗಿರುವುದಿಲ್ಲ, ಹೋಲಿಸುವ ಬೆನ್ನು ತಿರುಗಿರುತ್ತದೆ. ಡಾಕ್ಟರು ಪ್ರೋಬ್ ಸರಿಸುತ್ತಾ, ಮಗು ಹೊರಳುವುದನ್ನು ಕಾಯುತ್ತಾ ಹತ್ತಾರು ಸೀಳು ನೋಡಿರುತ್ತಾರೆ. ಕೈಗೆ ಕೊಡುವುದು ಅದರಲ್ಲಿ ಒಂದು. ಅದನ್ನೂ ಆರಿಸಿರುವುದು ಮಗುವಿನ ಉದ್ದವೋ ಕುತ್ತಿಗೆಯೋ ಚೆನ್ನಾಗಿ ಕಾಣಲಿ ಎಂದು. ಕಾಲಿನ ಕಡೆ ಏನಿದೆ ಅನ್ನುವುದು ಆ ಫೋಟೋದ ಉದ್ದೇಶವೇ ಅಲ್ಲ.

ಗಂಡು ಮಗುವಿನ ಮೂತ್ರದ್ವಾರ ಬೇರೆ ಜಾಗದಲ್ಲಿರುವುದು, ಹೆಣ್ಣು ಮಗುವಿನಲ್ಲಿ ಹಾರ್ಮೋನ್ ಏರುಪೇರಿನಿಂದ ಕ್ಲಿಟೋರಿಸ್ ದೊಡ್ಡದಾಗಿರುವುದು, ಹೀಗೂ ಇರುತ್ತದೆ. ಹುಟ್ಟಿದ ಮೇಲೂ ಡಾಕ್ಟರು ಕೂತು ಪರೀಕ್ಷಿಸಿ ನೋಡಬೇಕಾದ ಮಕ್ಕಳಿವೆ. ಅಂಥದ್ದನ್ನು ಫೋನಿನ ಪರದೆಯಲ್ಲಿ ಹಿಗ್ಗಿಸಿ ನೋಡಿ ಹೇಳುವುದು ಯಾರಿಂದಲೂ ಆಗುವ ಮಾತಲ್ಲ.

ಉಳಿದ ಥಿಯರಿಗಳನ್ನು ಬೇಗ ಮುಗಿಸಬಹುದು. ರಾಮ್ಜಿ ಥಿಯರಿ ಎಂಬುದೊಂದಿದೆ. ಆರನೇ ವಾರದಲ್ಲೇ ಮಾಸು ಗರ್ಭಕೋಶದ ಯಾವ ಪಕ್ಕಕ್ಕೆ ಅಂಟಿದೆ ನೋಡಿ ಗಂಡೋ ಹೆಣ್ಣೋ ಹೇಳಬಹುದು, 97% ನಿಖರ ಅನ್ನುತ್ತದೆ. ಬೇರೆ ತಜ್ಞರು ಪರಿಶೀಲಿಸಿ ಪ್ರಕಟಿಸುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ವಿಷಯ ಅಲ್ಲ ಇದು, ಇಂಟರ್ನೆಟ್ಟಿನಲ್ಲಿ ಹರಡಿದ್ದು. ಮಾಸು ಎಲ್ಲಿ ಅಂಟಬೇಕು ಅನ್ನುವುದಕ್ಕೂ ವೈ ಕ್ರೋಮೋಸೋಮಿಗೂ ಸಂಬಂಧ ಏನು ಎಂದು ಕೇಳಿದರೆ ಅದರಲ್ಲಿ ಒಪ್ಪುವಂಥ ಉತ್ತರ ಇಲ್ಲ. ಇನ್ನೊಂದು ತಮಾಷೆ ನೋಡಿ. ಸ್ಕ್ಯಾನ್ ಹೊಟ್ಟೆ ಮೇಲಿಂದ ಮಾಡಿದ್ದೋ ಒಳಗಿನಿಂದ ಮಾಡಿದ್ದೋ, ಪ್ರೋಬ್ ಹೇಗೆ ಹಿಡಿದಿದ್ದರೋ, ಅದರ ಮೇಲೆ ಚಿತ್ರದ ಎಡ ಬಲ ಅದಲುಬದಲಾಗುತ್ತದೆ. ಬರೀ ಫೋಟೋ ನೋಡಿದವರಿಗೆ ಎಡ ಯಾವುದು, ಬಲ ಯಾವುದು ಅನ್ನುವುದೇ ಖಾತ್ರಿ ಇರುವುದಿಲ್ಲ.

ಎದೆಬಡಿತದ ಮಾತು ನಮ್ಮಲ್ಲೂ ಚಾಲ್ತಿಯಲ್ಲಿದೆ. ನಿಮಿಷಕ್ಕೆ 140ಕ್ಕಿಂತ ಜಾಸ್ತಿ ಇದ್ದರೆ ಹೆಣ್ಣು, ಕಡಿಮೆ ಇದ್ದರೆ ಗಂಡು ಅಂತ. ಮಗುವಿನ ಎದೆಬಡಿತ ಆರನೇ ವಾರದಲ್ಲಿ 110ರ ಆಸುಪಾಸು ಇರುತ್ತದೆ. ಒಂಬತ್ತನೇ ವಾರಕ್ಕೆ 170ರವರೆಗೂ ಏರುತ್ತದೆ. ಆಮೇಲೆ ಇಳಿಯುತ್ತದೆ. ಯಾವ ವಾರ ಹೋದಿರಿ ಅನ್ನುವುದರ ಮೇಲೆ ಒಂದೇ ಮಗು ಒಮ್ಮೆ "ಗಂಡು", ಒಮ್ಮೆ "ಹೆಣ್ಣು" ಆಗಿಬಿಡುತ್ತದೆ! 2006ರಲ್ಲಿ ಪ್ರಕಟವಾದ ಒಂದು ಅಮೆರಿಕದ ಅಧ್ಯಯನದಲ್ಲಿ ಮೊದಲ ಮೂರು ತಿಂಗಳ ಸರಾಸರಿ ಗಂಡು ಮಕ್ಕಳಿಗೆ 154.9, ಹೆಣ್ಣು ಮಕ್ಕಳಿಗೆ 151.7 ಬಂದಿತ್ತು. ಲೆಕ್ಕಕ್ಕೆ ಬರುವಂಥ ವ್ಯತ್ಯಾಸವೇ ಇಲ್ಲ. ಇದ್ದಷ್ಟೂ ನಂಬಿಕೆಗೆ ಉಲ್ಟಾ ಇದೆ.

ತಲೆಬುರುಡೆ ನೋಡಿ ಹೇಳುವವರೂ ಇದ್ದಾರೆ. ಹಣೆ ಇಳಿಜಾರಾಗಿದ್ದರೆ ಗಂಡು, ದುಂಡಗಿದ್ದರೆ ಹೆಣ್ಣು ಅಂತೆ. ಸತ್ತವರ ಗುರುತು ಹಿಡಿಯುವ ತಜ್ಞರು ದೊಡ್ಡವರ ಬುರುಡೆಯಲ್ಲಿ ಇದನ್ನು ನೋಡುತ್ತಾರೆ, ನಿಜ. ಆದರೆ ಬುರುಡೆಯಲ್ಲಿ ಆ ವ್ಯತ್ಯಾಸ ಎದ್ದು ಕಾಣುವುದು ಹುಡುಗ ಹುಡುಗಿಯರು ಪ್ರಾಯಕ್ಕೆ ಬಂದ ಮೇಲೆ. 12 ವಾರದ ಮಗುವಿನ ಬುರುಡೆಯ ಮೂಳೆ ಇನ್ನೂ ಗಟ್ಟಿಯಾಗಿಯೇ ಇರುವುದಿಲ್ಲ.

ಹಾಗಾದರೆ ಇವೆಲ್ಲ ನಿಜ ಆಯ್ತು ಎಂದು ಅಷ್ಟೊಂದು ಜನ ಯಾಕೆ ಹೇಳುತ್ತಾರೆ? ಉತ್ತರ ಎರಡೇ ಇರುವಾಗ ಕಣ್ಣುಮುಚ್ಚಿ ಹೇಳಿದರೂ ಅರ್ಧ ಸರಿಯಾಗುತ್ತದೆ. ಹಿಂದಿನವರೂ ಹೀಗೇ ಊಹಿಸುತ್ತಿದ್ದರು. ಹೊಟ್ಟೆ ಚೂಪಾಗಿದ್ದರೆ ಗಂಡು, ಅಗಲವಾಗಿದ್ದರೆ ಹೆಣ್ಣು. ಹುಳಿ ಬಯಸಿದರೆ ಒಂದು, ಸಿಹಿ ಬಯಸಿದರೆ ಇನ್ನೊಂದು. ಉಂಗುರಕ್ಕೆ ದಾರ ಕಟ್ಟಿ ಹೊಟ್ಟೆಯ ಮೇಲೆ ತೂಗಾಡಿಸುವುದು. ಮೊದಲು ಬಲಗಾಲು ಇಟ್ಟಳಾ, ಎಡಗಾಲಾ ನೋಡುವುದು. ಸರಿ ಬಂದದ್ದನ್ನು ಮನೆಯವರು ಇಪ್ಪತ್ತು ವರ್ಷ ಹೇಳುತ್ತಾರೆ. ತಪ್ಪಿದ್ದನ್ನು ನಾಮಕರಣದ ಹೊತ್ತಿಗೆ ಮರೆತಿರುತ್ತಾರೆ. ಸ್ಕ್ಯಾನ್ ಫೋಟೋ ಬಂದ ಮೇಲೆ ಬದಲಾಗಿದ್ದು ಇಷ್ಟೇ. ಅದೇ ಊಹೆಗೆ ಒಂದು ಯಂತ್ರದ ಗತ್ತು ಸಿಕ್ಕಿತು.

ರಕ್ತ ಪರೀಕ್ಷೆ ಮಾತ್ರ ಬೇರೆ. ಅದು ಊಹೆ ಅಲ್ಲ. ಮಗುವಿನ ಕಡೆಯ ಡಿಎನ್‌ಎ ಚೂರುಗಳು ತಾಯಿಯ ರಕ್ತದಲ್ಲಿ ತೇಲುತ್ತಿರುತ್ತವೆ ಎಂದು 1997ರಲ್ಲಿ ಡೆನಿಸ್ ಲೋ ಮತ್ತು ಅವರ ಜೊತೆಗಾರರು ತೋರಿಸಿದರು. ಡೌನ್ ಸಿಂಡ್ರೋಮ್‌ನಂಥ ತೊಂದರೆಗಳನ್ನು ಸೂಜಿ ಚುಚ್ಚಿ ಗರ್ಭದ ನೀರು ತೆಗೆಯದೆಯೇ ಶೋಧಿಸಲು ಇದು ದೊಡ್ಡ ವರ. ಅಮೆರಿಕದಲ್ಲಿ ಹತ್ತನೇ ವಾರದ ಹೊತ್ತಿಗೆ ಈ ಪರೀಕ್ಷೆಯ ಜೊತೆಗೇ ಗಂಡೋ ಹೆಣ್ಣೋ ಅನ್ನುವುದನ್ನೂ ಹೇಳುತ್ತಾರೆ. ಇಲ್ಲಿ ಅದೇ ಪರೀಕ್ಷೆ ಮಾಡಿಸಿದರೂ ವರದಿಯಲ್ಲಿ ಆ ಒಂದು ಸಾಲು ಇರುವುದಿಲ್ಲ. ಇರಬಾರದು.

ಯಾಕೆ ಇರಬಾರದು ಅನ್ನುವುದು ನಮ್ಮ ದೇಶದ ಕಥೆ. ಗರ್ಭದ ನೀರಿನ ಪರೀಕ್ಷೆ 1970ರ ದಶಕದಲ್ಲಿ ಇಲ್ಲಿಗೆ ಬಂದದ್ದು ಮಗುವಿನ ಕಾಯಿಲೆ ತಿಳಿಯಲು. ಜನ ಅದನ್ನು ಹೆಣ್ಣು ಹುಡುಕಲು ಬಳಸಿದರು. ಆಮೇಲೆ ಸ್ಕ್ಯಾನ್ ಬಂತು, ಇನ್ನೂ ಅಗ್ಗವಾಯಿತು. ಇದನ್ನು ತಡೆಯಲು ಮಹಾರಾಷ್ಟ್ರ 1988ರಲ್ಲಿ ಕಾನೂನು ಮಾಡಿತು. 1994ರಲ್ಲಿ ಸಂಸತ್ತು ಇಡೀ ದೇಶಕ್ಕೆ ಕಾಯ್ದೆ ತಂದಿತು. ಅದು 1996ರ ಜನವರಿ 1ರಿಂದ ಜಾರಿಗೆ ಬಂತು, 2003ರಲ್ಲಿ ಇನ್ನೂ ಬಿಗಿಯಾಯಿತು. ಈಗ ಎಲ್ಲರೂ ಪಿಸಿಪಿಎನ್‌ಡಿಟಿ ಕಾಯ್ದೆ ಅನ್ನುತ್ತಾರೆ. ಸ್ಕ್ಯಾನಿಂಗ್ ಸೆಂಟರಿನ ಬಾಗಿಲಲ್ಲೇ ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ ಎಂಬ ಬೋರ್ಡ್ ಇರುತ್ತದಲ್ಲ, ಅದು ಈ ಕಾಯ್ದೆಯದು. ಸ್ಕ್ಯಾನಿಗೆ ಮುಂಚೆ ಬಸುರಿಯಿಂದ ಸಹಿ ಹಾಕಿಸಿಕೊಳ್ಳುವ ಫಾರಂ ಎಫ್ ಕೂಡ ಇದರದ್ದೇ. ಮಗುವಿನ ಲಿಂಗ ನನಗೆ ತಿಳಿಯುವುದು ಬೇಡ ಎಂದು ಅವಳು ಬರೆದುಕೊಡಬೇಕು.

ಕಾಯ್ದೆಯ ಮಾತು ತುಂಬಾ ಸ್ಪಷ್ಟ. ಬಾಯಲ್ಲಿ ಹೇಳುವಂತಿಲ್ಲ, ಸನ್ನೆ ಮಾಡುವಂತಿಲ್ಲ, ಬೇರೆ ಯಾವ ರೀತಿಯಲ್ಲೂ ತಿಳಿಸುವಂತಿಲ್ಲ. ಲಡ್ಡು, ಪೇಡಾ ಎಂದು ಸಂಕೇತದಲ್ಲಿ ಹೇಳಿದರೂ ಅಪರಾಧವೇ. ಮೊದಲ ಸಲ ಸಿಕ್ಕಿಬಿದ್ದ ವೈದ್ಯರಿಗೆ ಮೂರು ವರ್ಷದವರೆಗೆ ಜೈಲು, 10,000 ರೂಪಾಯಿವರೆಗೆ ದಂಡ. ಪತ್ತೆ ಮಾಡಿಸಿಕೊಡಿ ಎಂದು ಹೋದ ಮನೆಯವರಿಗೂ ಮೂರು ವರ್ಷದವರೆಗೆ ಜೈಲು, 50,000 ರೂಪಾಯಿವರೆಗೆ ದಂಡ. ಬಸುರಿಯನ್ನು ಮಾತ್ರ ಕಾಯ್ದೆ ಬೇರೆಯಾಗಿ ನೋಡುತ್ತದೆ. ಬೇರೆ ಪುರಾವೆ ಇಲ್ಲದಿದ್ದರೆ, ಗಂಡನೋ ಮನೆಯವರೋ ಒತ್ತಾಯ ಮಾಡಿ ಕರೆತಂದಿದ್ದಾರೆ ಎಂದೇ ನ್ಯಾಯಾಲಯ ಭಾವಿಸಬೇಕು. ಇದನ್ನು ಬರೆದವರಿಗೆ ನಮ್ಮ ಮನೆಗಳ ಒಳಗು ಗೊತ್ತಿತ್ತು. ಜಾಹೀರಾತಿಗೂ ನಿಷೇಧ ಇದೆ, ಇಂಟರ್ನೆಟ್ಟಿನದ್ದೂ ಸೇರಿ. ಸಾಮಾಜಿಕ ಹೋರಾಟಗಾರ ಸಾಬು ಮ್ಯಾಥ್ಯೂ ಜಾರ್ಜ್ ಅವರು ಹೂಡಿದ ಪ್ರಕರಣದಲ್ಲಿ ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಕಂಪನಿಗಳು ಇದೇ ವಿಷಯಕ್ಕೆ ಸುಪ್ರೀಂ ಕೋರ್ಟಿಗೆ ಉತ್ತರ ಕೊಡಬೇಕಾಯಿತು. 2017ರಲ್ಲಿ ತೀರ್ಪು ಬಂತು.

ಇದೆಲ್ಲ ಉತ್ತರದ ರಾಜ್ಯಗಳ ಕಥೆ, ನಮ್ಮಲ್ಲಿ ಹಾಗಿಲ್ಲ ಎಂದು ನಾನೂ ತುಂಬಾ ವರ್ಷ ಅಂದುಕೊಂಡಿದ್ದೆ. ಆರು ವರ್ಷದೊಳಗಿನ 1,000 ಗಂಡು ಮಕ್ಕಳಿಗೆ ಕರ್ನಾಟಕದಲ್ಲಿ 1991ರಲ್ಲಿ 960 ಹೆಣ್ಣು ಮಕ್ಕಳಿದ್ದರು. 2001ಕ್ಕೆ 946, 2011ಕ್ಕೆ 948. ದೇಶದ ಲೆಕ್ಕ 945ರಿಂದ 927, ಅಲ್ಲಿಂದ 919ಕ್ಕೆ ಇಳಿದಿತ್ತು. ನಮ್ಮದು ಅಷ್ಟು ಕೆಟ್ಟಿಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. 2023ರ ಕೊನೆಯಲ್ಲಿ ಬೆಂಗಳೂರು ಪೊಲೀಸರು ಒಂದು ಜಾಲ ಹಿಡಿದರು. ಮಂಡ್ಯದ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಹೆಣ್ಣು ಭ್ರೂಣ ಪತ್ತೆ ಮಾಡುತ್ತಿದ್ದರು ಎಂಬ ಸುದ್ದಿ ಬಂತು. ಆಲೆಮನೆ! ಚಿಕ್ಕವರಿದ್ದಾಗ ರಜೆಗೆ ಹೋದರೆ ಬಿಸಿ ಬೆಲ್ಲ ಕಬ್ಬಿನ ಸಿಪ್ಪೆಯಲ್ಲಿ ತೆಗೆದುಕೊಂಡು ತಿನ್ನುತ್ತಿದ್ದ ಜಾಗ. ಕೊಪ್ಪರಿಗೆಯ ಹೊಗೆ, ಕಬ್ಬಿನ ಹಾಲಿನ ವಾಸನೆ. ಅಲ್ಲಿ ಹೆಣ್ಣುಮಕ್ಕಳನ್ನು ಮಲಗಿಸಿ ಹೊಟ್ಟೆಗೆ ಜೆಲ್ ಸವರುತ್ತಿದ್ದರು ಎಂದು ಓದಿದ ದಿನ ನನಗೆ ಊಟ ಸೇರಲಿಲ್ಲ.

ಈಗ ಆ 151 ಮತ್ತು 56ರ ಲೆಕ್ಕವನ್ನು ಮತ್ತೆ ನೋಡಿ. ಡಲ್ಲಾಸ್‌ನಲ್ಲಿ 11ನೇ ವಾರದ ಊಹೆ ತಪ್ಪಾದರೆ ಗುಲಾಬಿ ಫ್ರಾಕನ್ನು ಅಂಗಡಿಗೆ ವಾಪಸ್ ಕೊಟ್ಟು ಬರುತ್ತಾರೆ. ಕಳ್ಳತನದಲ್ಲಿ, ಅರೆಬರೆ ಕಲಿತವರ ಕೈಯಲ್ಲಿ, ಆತುರದಲ್ಲಿ ನಡೆಯುವ ಸ್ಕ್ಯಾನಿನಲ್ಲಿ "ಹೆಣ್ಣು" ಎಂದರೆ ಮುಂದೆ ಏನಾಗುತ್ತದೆ ಎಂದು ನಮಗೆಲ್ಲ ಗೊತ್ತು. ಊಹೆ ಸರಿಯಿದ್ದರೆ ಒಂದು ಹೆಣ್ಣು ಮಗು ಇಲ್ಲವಾಗುತ್ತದೆ. ಅದು ಸರಿಯಿದ್ದರೂ ಘೋರವೇ. ತಪ್ಪಿದ್ದರೆ ಯಾವ ಗಂಡಿಗಾಗಿ ಇಷ್ಟೆಲ್ಲ ಮಾಡಿದರೋ ಅದೇ ಮಗು ಹೋಗಿರುತ್ತದೆ. ಎರಡರಲ್ಲೂ ಮೇಜಿನ ಮೇಲೆ ಮಲಗಿದವಳು ಒಬ್ಬಳೇ.

ಸಮುದ್ರ ದಾಟಿದರೆ ಮನಸ್ಸು ಬದಲಾಗುತ್ತದೆ ಎಂದೂ ಹೇಳಲಾಗದು. ಅಮೆರಿಕದ 2000ದ ಜನಗಣತಿ ಲೆಕ್ಕ ಹಿಡಿದು ಡಗ್ಲಾಸ್ ಆಲ್ಮಂಡ್ ಮತ್ತು ಲೀನಾ ಎಡ್ಲುಂಡ್ 2008ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಲ್ಲಿರುವ ಭಾರತ, ಚೀನಾ, ಕೊರಿಯಾ ಮೂಲದ ಕುಟುಂಬಗಳಲ್ಲಿ ಮೊದಲ ಎರಡೂ ಹೆಣ್ಣಾಗಿದ್ದರೆ, ಮೂರನೆಯದರಲ್ಲಿ ಗಂಡು ಮಕ್ಕಳ ಸಂಖ್ಯೆ ಹೆಣ್ಣು ಮಕ್ಕಳಿಗಿಂತ ಸುಮಾರು 50% ಜಾಸ್ತಿ ಇತ್ತು. ಸಹಜವಾಗಿ ಹುಟ್ಟುವ ಲೆಕ್ಕ 100 ಹೆಣ್ಣಿಗೆ 105 ಗಂಡು. ಉಳಿದದ್ದು ಸಹಜ ಅಲ್ಲ. ಅಲ್ಲಿ ಕಾನೂನು ತಡೆಯುವುದಿಲ್ಲ, ಪಾರ್ಟಿ ಮಾಡುತ್ತಾರೆ, ಕೇಕ್ ಕತ್ತರಿಸಿ ಬಣ್ಣ ನೋಡುತ್ತಾರೆ. ಅದರಲ್ಲಿ ಹೆಚ್ಚಿನವರ ಸಂಭ್ರಮ ಮುಗ್ಧವಾದದ್ದೇ. ನನ್ನ ತಂಗಿಯದ್ದೂ ಹಾಗೇ. ಆದರೆ ಅವಳ ಫೋಟೋ ಹಾಸನಕ್ಕೆ ಬಂದಾಗ ಬೇರೆ ಪ್ರಶ್ನೆ ಆಗಿಬಿಟ್ಟಿತ್ತು.

ಇದೆಲ್ಲದರ ನಡುವೆ ಆ ಸ್ಕ್ಯಾನ್ ಮಾಡುವುದು ಯಾಕೆ ಅನ್ನುವುದೇ ಮರೆತುಹೋಗುತ್ತದೆ. 11 ವಾರದಿಂದ 13 ವಾರ 6 ದಿನದೊಳಗೆ ಮಾಡುವ ಇದನ್ನು ಎನ್‌ಟಿ ಸ್ಕ್ಯಾನ್ ಅನ್ನುತ್ತಾರೆ. ಮಗುವಿನ ಉದ್ದ ಅಳೆದು ದಿನ ತುಂಬುವ ತಾರೀಕು ಸರಿಪಡಿಸುತ್ತಾರೆ. ಅವಳಿಯೋ ಅಲ್ಲವೋ, ಅವಳಿಯಾದರೆ ಮಾಸು ಒಂದೋ ಎರಡೋ ನೋಡುತ್ತಾರೆ. ಅದನ್ನು ಗುರುತಿಸಲು ಇದಕ್ಕಿಂತ ಒಳ್ಳೆಯ ಸಮಯ ಆಮೇಲೆ ಸಿಗುವುದಿಲ್ಲ. ಕುತ್ತಿಗೆಯ ಹಿಂದೆ ಚರ್ಮದಡಿ ಇರುವ ನೀರಿನ ಪದರ ಎಷ್ಟು ದಪ್ಪ ಎಂದು ಅಳೆಯುತ್ತಾರೆ, ಎನ್‌ಟಿ ಅನ್ನುವುದು ಇದಕ್ಕೇ. ಅದು 3.5 ಮಿಲಿಮೀಟರ್ ದಾಟಿದರೆ ಕ್ರೋಮೋಸೋಮ್ ತೊಂದರೆಯೋ ಹೃದಯದ ತೊಂದರೆಯೋ ಇದೆಯಾ ಎಂದು ಮುಂದಕ್ಕೆ ಪರೀಕ್ಷಿಸಬೇಕು. ಮೂಗಿನ ಮೂಳೆ ನೋಡುತ್ತಾರೆ. ತಾಯಿಯ ರಕ್ತದಲ್ಲಿ ಎರಡು ವಸ್ತುಗಳನ್ನು ಅಳೆಯುವ ಡಬಲ್ ಮಾರ್ಕರ್ ಪರೀಕ್ಷೆಯ ಜೊತೆ ಸೇರಿಸಿ, ತೊಂದರೆಯ ಸಾಧ್ಯತೆ ಎಷ್ಟು ಎಂದು ಲೆಕ್ಕ ಹಾಕುತ್ತಾರೆ. ಒಳಗೆ ಹೋದಾಗ ಕೇಳಬೇಕಾದ ಪ್ರಶ್ನೆಗಳು ಇವು. ವರದಿಯಲ್ಲಿ ಬರೆದಿರುವುದೂ ಇವನ್ನೇ. ಅರ್ಥವಾಗದಿದ್ದರೆ ಇನ್ನೊಮ್ಮೆ ಬಿಡಿಸಿ ಹೇಳಿ ಎಂದು ಕೇಳಲು ಸಂಕೋಚ ಬೇಡ.

ಸೋದರತ್ತೆಗೆ ಫೋನಿನಲ್ಲಿ ಲಂಡನ್ನಿನ ಲೆಕ್ಕ ಎಲ್ಲ ಹೇಳಲಿಲ್ಲ. "ಅತ್ತೆ, ಅದರಲ್ಲಿ ಏನೂ ಗೊತ್ತಾಗಲ್ಲ. ಗೊತ್ತಾದ್ರೂ ನಾನು ಹೇಳಲ್ಲ" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನಂಗೆ ಮೂರೂ ಹೆಣ್ಣಾದಾಗ ನಿಮ್ಮಜ್ಜಿ ನೋಡೋಕೇ ಬರ್ಲಿಲ್ಲ ಕಣೇ. ಆ ಹುಡುಗೀಗೆ ಹಾಗೆ ಆಗ್ದೆ ಇರ್ಲಿ ಅಂತ ಕೇಳ್ದೆ" ಎಂದರು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ.

ರಾತ್ರಿ ತಂಗಿಗೆ ಬರೆದೆ. ಫೋಟೋ ಹಿಗ್ಗಿಸಿ ನೋಡಿ ನನಗೆ ಕಂಡದ್ದನ್ನಷ್ಟೇ ಬರೆದೆ. ಮೂಗಿನ ಹತ್ತಿರ ಒಂದು ಬಿಳಿ ಗೆರೆ ಇದೆ, ಅದು ಮೂಗಿನ ಮೂಳೆ ಇರಬೇಕು, ಡಾಕ್ಟರನ್ನು ಕೇಳು. ಬೆನ್ನುಮೂಳೆ ಜೋಳದ ಕಾಳು ಪೋಣಿಸಿದ ಹಾಗೆ ಸಾಲಾಗಿದೆ. ತಲೆಯಿಂದ ಅಂಡಿನವರೆಗೆ 4.6 ಸೆಂಟಿಮೀಟರ್, ಒಂದು ನಿಂಬೆಹಣ್ಣಿನಷ್ಟು. ಒಂದು ಕೈ ಬಾಯಿಯ ಹತ್ತಿರ ಇದೆ. ಐದು ಬೆರಳೂ ಇರಬೇಕು, ನನಗೆ ಮೂರು ಕಂಡವು.